ಹತ್ತಿ ಮೇಷ್ಟ್ರ ಕಿಟಕಿ

ನಿವೃತ್ತಿ ಸಮಾರಂಭದ ಮೊದಲ ಭಾಷಣಕಾರರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ವೇದಿಕೆಯ ನಡುವಿನ ಕುರ್ಚಿಯಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದ, ನಿವೃತ್ತರಾಗುತ್ತಿದ್ದ ನಮ್ಮ ಮೇಷ್ಟ್ರು ಷರಟಿನ ಜೇಬಿಗೆ ಎರಡು ಬೆರಳು ಇಳಿಬಿಟ್ಟು, ಹತ್ತಿಯ ಎರಡು ಉಂಡೆ ತೆಗೆದು, ಒಂದೊಂದಾಗಿ ಕಿವಿಗೆ ಇಟ್ಟುಕೊಂಡರು. ಕದ್ದುಮುಚ್ಚಿ ಅಲ್ಲ, ಕನ್ನಡಕ ಹಾಕಿಕೊಳ್ಳುವಷ್ಟು ಸಹಜವಾಗಿ. ಸಭೆಯಲ್ಲಿ ಕೂತಿದ್ದವರು ಬಹುಪಾಲು ಅವರ ಹಳೆಯ ವಿದ್ಯಾರ್ಥಿಗಳು, ಅಂದರೆ ಈಗ ಸುತ್ತಮುತ್ತಲ ಶಾಲೆಗಳಲ್ಲಿ ಮೇಷ್ಟ್ರು, ಮೇಡಂ ಆಗಿರುವ ನಾವು. ಎಲ್ಲರೂ ಒಟ್ಟಿಗೆ ನಕ್ಕುಬಿಟ್ಟೆವು. ಭಾಷಣಕಾರರು ತಮ್ಮ ಮೊದಲ ಸಾಲೇ ಗೆದ್ದಿತೆಂದು ತಿಳಿದು ಅದನ್ನು ಇನ್ನೊಮ್ಮೆ ಹೇಳಿದರು.

ನಂಜನಗೂಡಿನ ಬಿ.ಎಡ್. ಕಾಲೇಜಿನಲ್ಲಿ ಅವರು ಬೋಧನಾ ವಿಧಾನ ಕಲಿಸುತ್ತಿದ್ದರು. ಪಾಠ ಮಾಡುವುದು ಹೇಗೆ ಎಂದು ಪಾಠ ಮಾಡುವ ಕೆಲಸ. ಅವರಿಗೊಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಸಮೇತ. ನಮ್ಮ ಬಾಯಲ್ಲಿ ಮಾತ್ರ ಹತ್ತಿ ಮೇಷ್ಟ್ರು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿ ಕಲಿತೆ. ಅಭ್ಯಾಸ ಪಾಠಕ್ಕೆ ನಮ್ಮನ್ನು ಕಳಲೆ, ಸುತ್ತೂರಿನ ಕಡೆಯ ಶಾಲೆಗಳಿಗೆ ಹಂಚುತ್ತಿದ್ದರು. ನಾವು ಪಾಠ ಮಾಡಬೇಕು, ಉಪನ್ಯಾಸಕರು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅಂಕ ಹಾಕಬೇಕು. ಇದು ಎಲ್ಲ ಕಡೆಯ ಪದ್ಧತಿ. ಇವರು ಒಳಗೇ ಬರುತ್ತಿರಲಿಲ್ಲ. ಮಡಚುವ ಸ್ಟೂಲೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದು, ತರಗತಿಯ ಹೊರಗೆ, ಬೋರ್ಡಿನ ಪಕ್ಕದ ಕಿಟಕಿಯ ಕೆಳಗೆ ಬಿಡಿಸುತ್ತಿದ್ದರು. ಯಾವಾಗಲೂ ಬೋರ್ಡಿನ ಪಕ್ಕದ್ದೇ, ಯಾಕೆಂದರೆ ಮಕ್ಕಳ ಮುಖ ಕಾಣುವುದು ಅಲ್ಲಿಂದ. ಆಮೇಲೆ ಕಿವಿಗೆ ಹತ್ತಿ.

"ಮೇಷ್ಟ್ರ ಮಾತು ಕೇಳ್ತಾ ಕೂತ್ರೆ ಎಲ್ಲಾ ಪಾಠನೂ ಚೆನ್ನಾಗೇ ಇರುತ್ತೆ ಕಣ್ರೀ," ಎನ್ನುತ್ತಿದ್ದರು. "ಮಕ್ಕಳು ಏನ್ ಮಾಡ್ತಾ ಅವ್ರೆ ಅನ್ನೋದು ನನಗೆ ಬೇಕು. ಅದು ನೋಡೋ ಪದಾರ್ಥ. ಕೇಳೋ ಪದಾರ್ಥ ಅಲ್ಲ."

ಪಾಠ ಮುಗಿದ ಮೇಲೆ ಹತ್ತಿ ತೆಗೆದು, ನಮ್ಮ ಪಾಠ ಟಿಪ್ಪಣಿಯನ್ನು ಬಿಚ್ಚದೆ, "ಇವತ್ತು ಈ ಮಕ್ಕಳು ಇಂಥದ್ದನ್ನು ಮಾಡೋಕೆ ಕಲಿತರು" ಎಂದು ತಮಗೆ ಕಂಡದ್ದನ್ನು ಹೇಳುವರು. ಆಮೇಲೆ ಟಿಪ್ಪಣಿ ಬಿಚ್ಚಿ 'ಉದ್ದೇಶ' ಎಂಬ ಕಡೆ ನಾವು ಬರೆದುಕೊಂಡಿದ್ದನ್ನು ಓದುವರು. ಎರಡೂ ತಾಳೆಯಾದರೆ ಪಾಸು. ಆಗದಿದ್ದರೆ ನಂಜನಗೂಡಿನವರೆಗೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಕಿವಿಗೆ ಹತ್ತಿ ಇಡುವುದು ಶುರುವಾದದ್ದು ಹೇಗೆ? ನಮಗೆ ಅವರು ಹೇಳಿದ ಕತೆ: ಕಪಿಲೆಯಲ್ಲಿ ಮುಳುಗು ಹಾಕಿ ಕಿವಿ ನೋವು ಬಂದು, ಎಣ್ಣೆಯ ಹತ್ತಿ ಇಟ್ಟುಕೊಂಡು ಪಾಠ ನೋಡಲು ಹೋದ ದಿನ, ಒಂದು ಮಾತೂ ಕೇಳಿಸದೆ, ಮೊದಲ ಸಲ ಮಕ್ಕಳು ಕಣ್ಣಿಗೆ ಬಿದ್ದರು. ಸಹೋದ್ಯೋಗಿಗಳಿಗೆ ಹೇಳಿದ್ದು ಬೇರೆ: ಕಂಚಿನ ಕಂಠದ ವಿದ್ಯಾರ್ಥಿಯೊಬ್ಬನಿಗೆ ತುಂಬು ಅಂಕ ಹಾಕಿ, ಮಕ್ಕಳನ್ನು ಒಂದು ಪ್ರಶ್ನೆ ಕೇಳಿದಾಗ ಒಬ್ಬರಿಂದಲೂ ಉತ್ತರ ಹೊರಡದೆ, ಅವತ್ತೇ ಕಿವಿಯ ಮೇಲೆ ನಂಬಿಕೆ ಹೋಯಿತು. ದೀಪದ ಬತ್ತಿ ಹೊಸೆಯಲು ಅವರ ಹೆಂಡತಿ ಇಟ್ಟುಕೊಂಡ ಹತ್ತಿಯೇ ಇವರ ಜೇಬಿಗೆ ಹೋಗುತ್ತಿತ್ತು. ಆಕೆ ಎರಡು ಕತೆಯನ್ನೂ ತಳ್ಳಿಹಾಕಿದರು. "ಸ್ಕೂಲೂ ಇಲ್ಲ, ಒಳೆನೂ ಇಲ್ಲ. ನಾನು ಮಾರ್ಕೆಟ್ಟಿಂದ ಏನೇನ್ ತರ್ಬೇಕು ಅಂತ ಯೇಳೋಕ್ ಶುರು ಮಾಡ್ದಾಗ ಇಟ್ಕೊಂಡಿದ್ದು, ಆಮೇಲೆ ತೆಗೀನೇ ಇಲ್ಲ."

ಮೂರರಲ್ಲಿ ನಿಜ ಯಾವುದು ಎಂದು ನಾನು ಆರಿಸಲಾರೆ. ನೆನಪು ಎನ್ನುವುದು ಕೆಟ್ಟ ಬಿ.ಎಡ್. ವಿದ್ಯಾರ್ಥಿಯ ಹಾಗೆ, ಪಾಠ ಮುಗಿದ ಮೇಲೆ ಉದ್ದೇಶ ಬರೆದುಕೊಳ್ಳುತ್ತದೆ. ಮೊದಲಿನಿಂದಲೂ ಅತ್ತಲೇ ಹೊರಟಿದ್ದೆ ಎಂಬ ಮುಖ ಮಾಡುತ್ತದೆ. ಹಾಗಾಗಿ ಈ ಬರಹಕ್ಕೆ ಅವರದೇ ನಿಯಮ ಹಾಕಿಕೊಂಡಿದ್ದೇನೆ: ಕಿಟಕಿಯಿಂದ ಕಾಣುವುದನ್ನಷ್ಟೇ ಬರೆಯಬೇಕು. 'ಆದರ್ಶ ಶಿಕ್ಷಕ', 'ಸರಳ ಜೀವಿ' ಎಂದೆಲ್ಲ ಅವತ್ತಿನ ಸಭೆಯಲ್ಲಿ ಹೇಳಿದರು. ಅವರೇ ಆದರೆ ಅವುಗಳ ಕೆಳಗೆ ಕೆಂಪು ಗೆರೆ ಎಳೆದು, "ಸರಳವಾಗಿದ್ದಾಗ ಮನುಷ್ಯ ಏನ್ ಮಾಡ್ತಾನೆ? ಅದನ್ನ ಬರೀರಿ" ಎನ್ನುತ್ತಿದ್ದರು. ಬರೆಯುತ್ತೇನೆ. ಅವರು ಇಡ್ಲಿಯನ್ನು ಮೊದಲು ಪೂರ್ತಿ ತಿಂದು, ಚಟ್ನಿಯನ್ನು ಆಮೇಲೆ ಬೇರೆಯಾಗಿ ತಿನ್ನುತ್ತಿದ್ದರು. ಯೋಚಿಸುವಾಗ ಛತ್ರಿಯ ಗುಂಡಿಯನ್ನು ಒತ್ತಿ ಬಿಡಿಸಿ ಮತ್ತೆ ಮಡಚುತ್ತಿದ್ದರು, ಬಸ್ಸಿನ ಒಳಗೂ. ಸಂತೋಷವಾದರೆ ಮಾತಿನಲ್ಲಿ ಹಕಾರ ಬಿದ್ದುಹೋಗಿ ಅವರ ಹಳ್ಳಿ ಹೊರಗೆ ಬರುತ್ತಿತ್ತು.

ಕೆಂಪು ಪೆನ್ಸಿಲ್ಲಿನ ಕಾಟವನ್ನು ಮೊದಲು ಅನುಭವಿಸಿದವನು ನಾನೇ. ಅನುಪಾತದ ಪಾಠಕ್ಕೆ ಟಿಪ್ಪಣಿ ಮಾಡಿದ್ದೆ. 'ಮಕ್ಕಳು ಅನುಪಾತದ ಪರಿಕಲ್ಪನೆಯನ್ನು ಅರ್ಥಮಾಡಿಕೊಳ್ಳುವರು.' ಗೈಡಿನಲ್ಲಿ ಇದ್ದದ್ದೇ ಹಾಗೆ. ನಮಗಿಂತ ಹಿಂದಿನವರೆಲ್ಲ ಅದನ್ನೇ ಇಳಿಸಿಕೊಂಡಿದ್ದರು.

"ಅರ್ಥ ಆದಾಗ ಹುಡುಗನ ಮೈಯಲ್ಲಿ ಏನು ಅಲ್ಲಾಡುತ್ತೆ?" ಎಂದು ಕೇಳಿದರು.

"ತಲೆ ಸಾರ್," ಅಂದೆ.

"ತಲೆ ಅರ್ಥ ಆಗ್ದೆ ಇದ್ರೂ ಅಲ್ಲಾಡುತ್ತೆ. ನೀವು ಈಗ ಅಲ್ಲಾಡಿಸ್ತಾ ಇದ್ದೀರಲ್ಲ ಹಾಗೆ."

ಕೊನೆಗೆ ಹೀಗೆ ಬರೆದೆ: 'ಹಣ್ಣುಗಳನ್ನು ಎರಡಕ್ಕೆ ಮೂರರಂತೆ ಇಬ್ಬರಿಗೆ ಹಂಚಿ, ಹಂಚಿದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುವರು.' ಬೋಧನೋಪಕರಣ ಎಂಬ ಕಡೆ 'ರಸಬಾಳೆ' ಎಂದು ತುಂಬಿಸಿ, ಕಳಲೆಯ ಶಾಲೆಗೆ ಒಂದು ಚೀಲ ಹೊತ್ತುಕೊಂಡು ಹೋದೆ. ಮಕ್ಕಳು ಬಹಳ ಹುರುಪಿನಿಂದ ಹಂಚಿದರು. ನಾನು ಬೋರ್ಡಿನ ಕಡೆ ತಿರುಗಿ ಶೀರ್ಷಿಕೆ ಬರೆದು ಈ ಕಡೆ ತಿರುಗುವಷ್ಟರಲ್ಲಿ ತರಗತಿಯಲ್ಲಿ ಅನುಪಾತ ಉಳಿದಿರಲಿಲ್ಲ, ಸಿಪ್ಪೆ ಉಳಿದಿತ್ತು. ಕಿಟಕಿಯ ಆಚೆ ಸ್ಟೂಲು ಅಲುಗಾಡುವಷ್ಟು ನಗು.

"ಹಂಚಿದ್ದು ಕಾಣ್ತು," ಎಂದರು ಆಮೇಲೆ, ಕಣ್ಣು ಒರೆಸಿಕೊಳ್ಳುತ್ತ. "ಬರೆದದ್ದು ಕಾಣ್ಲಿಲ್ಲ. ತಿಂದದ್ದು ಬಾಳ ಚೆನ್ನಾಗ್ ಕಾಣ್ತು. ಉಪಕರಣ ಆರಿಸೋವಾಗ ಮಕ್ಕಳು ಅದರಲ್ಲಿ ಏನೇನ್ ಮಾಡ್ಬೋದು ಅಂತ ಪೂರ್ತಿ ಯೋಚ್ನೆ ಮಾಡ್ಬೇಕಪ್ಪಾ. ನೀವು ಅರ್ಧ ಮಾಡಿದ್ರಿ."

ನನ್ನ ಜೊತೆಯವನು ಸಿದ್ದರಾಜು, ಇತಿಹಾಸದವನು, ನನಗಿಂತ ದೊಡ್ಡ ಪೆಟ್ಟು ತಿಂದ. ಥರ್ಮಾಕೋಲಿನಲ್ಲಿ ಕೋಟೆ ಕಟ್ಟಿ, ಒಳಗೆ ಸಣ್ಣ ಬಲ್ಬುಗಳನ್ನು ಕೂರಿಸಿ, ಸ್ವಿಚ್ಚು ಒತ್ತಿದರೆ ಬುರುಜುಗಳೆಲ್ಲ ಹತ್ತಿಕೊಳ್ಳುವ ಹಾಗೆ ಮಾಡಿದ್ದ. ನಮಗೆಲ್ಲ ಅವನ ಮೇಲೆ ಹೊಟ್ಟೆಕಿಚ್ಚು. ಪಾಠ ಮುಗಿಯಿತು. ಹತ್ತಿ ಮೇಷ್ಟ್ರು ಕಿಟಕಿಯಿಂದ ಎದ್ದು ಬಂದರು.

"ಇವತ್ತಿನ ಉದ್ದೇಶ, 'ಮಕ್ಕಳು ಸ್ವಿಚ್ಚು ಯಾವಾಗ ಒತ್ತುತ್ತಾರೆಂದು ಕಾಯುವರು.' ಸರಿನಾ?"

"ಸಾರ್, ಮುತ್ತಿಗೆಯ ಕಾರಣಗಳು..." ಎಂದ ಸಿದ್ದರಾಜು.

"ಈ ಕೋಟೆ ತೆಗೆದುಬಿಟ್ಟಿದ್ರೆ ಮಕ್ಕಳಿಗೆ ಯಾವ ಕೆಲಸ ಮಾಡೋಕೆ ಆಗ್ತಿರ್ಲಿಲ್ಲ? ಹೇಳಿ."

ಸಿದ್ದರಾಜು ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿದ. ಬುರುಜುಗಳು ಹತ್ತಿಕೊಂಡವು.

"ಹಾಗಾದ್ರೆ ಇದು ಒಡವೆ. ಚೆನ್ನಾಗಿದೆ. ಬೀರುವಿನಲ್ಲಿ ಇಡಿ, ಹಬ್ಬಕ್ಕೆ ತೆಗೆಯೋಣ."

ಅವತ್ತಿನಿಂದ 'ಒಡವೆ' ನಮ್ಮ ಬೈಗುಳವಾಯಿತು. ಹೊಸ ಪ್ಯಾಂಟು ಹಾಕಿ ಬಂದವನಿಗೂ ಅದನ್ನೇ ಅನ್ನುತ್ತಿದ್ದೆವು.

ಇದನ್ನು ಕೇಳಿದವರು ಅವರನ್ನು ಯಂತ್ರದ್ವೇಷಿ ಅಂದುಕೊಳ್ಳುತ್ತಾರೆ. ಹಾಗಲ್ಲ. ಕಾಲೇಜಿನ ಟೇಪ್‌ರೆಕಾರ್ಡರನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಸುತ್ತೂರಿನವರೆಗೆ ತಂದವರು ಅವರೇ. ಕನ್ನಡ ವಿಷಯದ ಒಬ್ಬ ಹುಡುಗಿ ಮಕ್ಕಳ ಓದನ್ನು ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿದಳು. ತಾವು ಎಲ್ಲಿ ಉಸಿರು ನಿಲ್ಲಿಸುತ್ತೇವೆ, ಎಲ್ಲಿ ಪದ ನುಂಗುತ್ತೇವೆ ಎಂದು ಮಕ್ಕಳೇ ಬೆರಳಿಟ್ಟು ತೋರಿಸಿ, ಮತ್ತೆ ಓದಿದರು. ಆ ಪಾಠವನ್ನೂ ಇವರು ಕಿವಿಗೆ ಹತ್ತಿ ಇಟ್ಟುಕೊಂಡೇ ನೋಡಿದರು, ಟೇಪ್‌ರೆಕಾರ್ಡರಿನ ಪಾಠವನ್ನು! "ಬೆರಳು ಕಾಣ್ತಿತ್ತಲ್ಲ, ಸಾಕು," ಎಂದರು. "ಆ ಪೆಟ್ಟಿಗೆ ತೆಗೆದಿದ್ರೆ ಆ ಬೆರಳು ಎತ್ತಾಗೂ ಹೋಗ್ತಿರ್ಲಿಲ್ಲ. ಅದಕ್ಕೇ ಅದು ಒಡವೆ ಅಲ್ಲ, ಕುಡುಗೋಲು."

ಇಲ್ಲಿಂದ ಕಥೆ ಹಲವು ವರ್ಷ ಹಾರುತ್ತದೆ. ಆ ವರ್ಷಗಳನ್ನು ತುಂಬಿಸುವ ಹಟ ನನಗಿಲ್ಲ. ನಾನು ತಿರುಮಕೂಡಲು ನರಸೀಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಎರಡು ಸಾವಿರದ ನಂತರದ ಯಾವುದೋ ಒಂದು ಜೂನ್‌ನಲ್ಲಿ ಶಾಲೆಗೆ ಕಂಪ್ಯೂಟರುಗಳು ಬಂದವು.

ನಮ್ಮ ಹೆಡ್‌ಮಾಸ್ಟರು ಅವನ್ನು ಬರಮಾಡಿಕೊಂಡ ರೀತಿಯನ್ನು ಹೇಳಬೇಕು. ಕೊಠಡಿಗೆ ಸುಣ್ಣ ಹೊಡೆಸಿದರು. ಬಾಗಿಲಿಗೆ ತೋರಣ. ದರ್ಜಿಯನ್ನು ಕರೆಸಿ, ಪ್ರತಿಯೊಂದಕ್ಕೂ ಅಳತೆ ತೆಗೆಸಿ, ಅಂಚಿಗೆ ನೆರಿಗೆ ಇಟ್ಟ ಗುಲಾಬಿ ಬಣ್ಣದ ಹೊದಿಕೆ ಹೊಲಿಸಿದರು. ಮಕ್ಕಳು ಅದನ್ನು ಫ್ರಾಕು ಎನ್ನುತ್ತಿದ್ದರು. ಚಪ್ಪಲಿ ಹೊರಗೆ ಬಿಡಬೇಕು. ಆಯುಧಪೂಜೆಗೆ ಹಚ್ಚಿದ ಕುಂಕುಮ ಕೀಬೋರ್ಡಿನ ಸಂದಿಗಿಳಿದು, ಮಧ್ಯದ ಸಾಲಿನ ಕೆಲವು ಕೀಲಿಗಳು ಒತ್ತಿದರೆ ಮೇಲೆ ಬರದಂತಾದವು. ಬೀಗದ ಕೈ ಹೆಡ್‌ಮಾಸ್ಟರ ಉಡಿದಾರದಲ್ಲಿ. "ಮಕ್ಕ ಮುಟ್ಟುದ್ರೆ ಕೆಟ್ಟೋಯ್ತವೆ ಸಾರ್," ಎನ್ನುತ್ತಿದ್ದರು ನನಗೆ. "ರಿಪೇರಿಯವನು ಮೈಸೂರಿಂದ ಬರ್ಬೇಕು. ಅವನು ಬಂದಾಗ ನಾವಿಬ್ರೂ ರಿಟೈರ್ ಆಗಿರ್ತೀವಿ." ನಾನು ಪೀರಿಯಡ್ಡಿಗೆ ಅಂತ ಕೇಳಿದರೆ ಫ್ರಾಕು ಬಿಚ್ಚದೆ ಹೊರಗಿನಿಂದ ತೋರಿಸಿ ಎಂದು ಒಮ್ಮೆ ಅಂದದ್ದೂ ಉಂಟು.

ಹೀಗಿರುವಾಗ ಸುದ್ದಿ ಬಂತು: ಉಪಯೋಗಿಸದೆ ಇಟ್ಟಿರುವ ಕಂಪ್ಯೂಟರುಗಳನ್ನು ಇಲಾಖೆ ವಾಪಸು ತೆಗೆದುಕೊಂಡು ಬೇರೆ ಶಾಲೆಗಳಿಗೆ ಕೊಡುತ್ತದೆ, ನೋಡಿ ಹೇಳಲು ಮೂವರ ಸಮಿತಿ ಬರುತ್ತದೆ. ಆ ಮೂವರಲ್ಲಿ ಒಬ್ಬರು ನಂಜನಗೂಡಿನ ನಮ್ಮ ಹತ್ತಿ ಮೇಷ್ಟ್ರು. ಉಳಿದಿಬ್ಬರು ಅವರು ಹೇಳಿದಂತೆ ಎಂದು ಎಲ್ಲರಿಗೂ ಗೊತ್ತಿತ್ತು.

ಹೆಡ್‌ಮಾಸ್ಟರಿಗೆ ಖುಷಿಯೋ ಖುಷಿ. "ನಿಮ್ ಮೇಷ್ಟ್ರಂತಲ್ಲ! ಬುಡಿ ಮತ್ತೆ, ನಮ್ದು ಎಲ್ಲೂ ಓಗಲ್ಲ."

ನನಗೆ ಭಯ ಶುರುವಾಯಿತು. ನಮ್ಮಲ್ಲಿಗೆ ಬರುತ್ತಿದ್ದವರು ಕಬ್ಬು ಕಡಿಯುವವರ, ನಾಟಿಗೆ ಹೋಗುವವರ, ಸಣ್ಣ ಹಿಡುವಳಿಯವರ ಮಕ್ಕಳು. ಆ ಯಂತ್ರವನ್ನು ಅವರು ಇನ್ನೆಲ್ಲೂ ಮುಟ್ಟುವ ಹಾಗಿರಲಿಲ್ಲ. ಹೋದರೆ ಹೋಯಿತು. ಅದನ್ನು ಉಳಿಸಿಕೊಡಬೇಕಾದವರು ಬಲ್ಬಿನ ಕೋಟೆಯನ್ನು ಬೀರುವಿಗೆ ಕಳಿಸಿದ ಮನುಷ್ಯ.

ಸಮಿತಿಗಿಂತ ಮೊದಲೇ ಒಬ್ಬರೇ ಒಂದು ದಿನ ಬಸ್ಸಿಳಿದರು. "ನಿಮ್ಮನ್ನ ನೋಡಿ ಹೋಗೋಣ ಅಂತ," ಎಂದರು. ಕಂಕುಳಲ್ಲಿ ಸ್ಟೂಲು ಇತ್ತು. ನಾನು ಸಿದ್ಧನಾಗಿದ್ದೆ, ಹೆಡ್‌ಮಾಸ್ಟರನ್ನು ಕಾಡಿ ಒಂದರ ಫ್ರಾಕು ಬಿಚ್ಚಿಸಿದ್ದೆ. ಸರಳರೇಖೆಯ ಪಾಠಕ್ಕೆ ಸ್ಲೈಡುಗಳನ್ನು ಮಾಡಿದ್ದೆ. ಗೆರೆಗಳು ನಾಲ್ಕೂ ಕಡೆಯಿಂದ ಹಾರಿ ಬಂದು ಕೂರುತ್ತಿದ್ದವು, ಕೂರುವಾಗ ಗಾಜು ಒಡೆದಂಥ ಸದ್ದು. ತರಗತಿಯನ್ನೆಲ್ಲ ಒಂದು ಪುಟ್ಟ ಪರದೆಯ ಮುಂದೆ ಕೂರಿಸಿ, ಗುಂಡಿ ಒತ್ತುತ್ತ, ವಿವರಿಸುತ್ತ ಹೋದೆ. ಚೆನ್ನಾಗಿ ವಿವರಿಸಿದೆ ಎಂದು ಈಗಲೂ ಅನ್ನಿಸುತ್ತದೆ. ಅದೇನೂ ಕಿಟಕಿಯ ಆಚೆಗೆ ತಲುಪುವ ಹಾಗಿರಲಿಲ್ಲ.

"ಉದ್ದೇಶ ಹೇಳ್ಲಾ?" ಎಂದರು ಹತ್ತಿ ತೆಗೆಯುತ್ತ. "'ಮಕ್ಕಳು ಮುಂದಿನವರ ತಲೆಯ ಪಕ್ಕದಿಂದ ಇಣುಕಿ ನೋಡಬಲ್ಲರು.' ಅದನ್ನ ಬಾಳ ಚೆನ್ನಾಗಿ ಮಾಡುದ್ರು."

"ಸಾರ್, ಗೆರೆಯ ಓಟ..."

"ಅದೇ ಗೆರೇನ ಬೋರ್ಡ್ ಮೇಲೆ ಎಳೆದಿದ್ರೆ ಮಕ್ಕಳಿಗೆ ಏನು ನಷ್ಟ ಆಗ್ತಿತ್ತು?"

"ಬಣ್ಣ ಸಾರ್."

"ಬಣ್ಣದ ಸೀಮೆಸುಣ್ಣ ಅಂಗಡೀಲಿ ಸಿಗ್ತದೆ."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಆಮೇಲೆ ಚಟ್ನಿ ತಿಂದು, ಕೈ ತೊಳೆದು ಹೇಳಿದರು: "ನೀವು ನನ್ನ ಹುಡುಗ ಅಂತ ಸುಳ್ಳು ಬರೆಯೋಕಾಗಲ್ಲಪ್ಪಾ. ಇವತ್ತು ಕೇಳುದ್ರೆ, ತಗೊಂಡು ಹೋಗ್ಲಿ ಅಂತೀನಿ. ಫ್ರಾಕ್ ಹಾಕ್ಕೊಂಡಿರೋ ಒಡವೆ ಅದು. ಸಮಿತಿ ಬರೋದ್ರೊಳಗೆ ಅದು ಏನು ಮಾಡುತ್ತೆ, ಬೇರೆ ಯಾವುದೂ ಮಾಡದೇ ಇರೋದು, ಅಂತ ಹುಡುಕಿ. ನನಗೆ ಗೊತ್ತಿಲ್ಲ. ಗೊತ್ತಿದ್ರೆ ಹೇಳ್ತಿದ್ದೆ." ಛತ್ರಿಯನ್ನು ಒಮ್ಮೆ ಬಿಡಿಸಿ ಮಡಚಿ ಬಸ್ಸು ಹತ್ತಿದರು. ಬೇಜಾರಿನ ಸುಳಿವೇ ಇಲ್ಲದ ಮುಖ. ನನಗೆ ಬಹಳ ಸಿಟ್ಟು ಬಂದಿತ್ತು.

ಹುಡುಕಿದೆ. ಮಗ್ಗಿ ಕಲಿಸುವ ಆಟ ಹಾಕಿದೆ. ಒಳಗಿನಿಂದ ಅವರ ದನಿಯೇ 'ಒಡವೆ' ಎಂದಿತು. ಪ್ರಬಂಧ ಟೈಪ್ ಮಾಡಿಸಿ ವಾಕ್ಯಗಳನ್ನು ಹಿಂದೆ ಮುಂದೆ ಮಾಡಿಸಬಹುದು ಅನ್ನಿಸಿತು. ಕಾಗದ, ಕತ್ತರಿ, ಗೋಂದು ಇದ್ದರೆ ಅದೂ ಆಗುತ್ತದೆ. ಕೊನೆಗೆ ಸ್ಪ್ರೆಡ್‌ಶೀಟಿನಲ್ಲಿ ಒಂದು ಗ್ರಾಫ್ ಕೂರಿಸಿದೆ. ಒಂದು ಚೌಕದ ಮನೆಯಲ್ಲಿ ಒಂದು ಸಂಖ್ಯೆ. ಅದನ್ನು ಬದಲಿಸಿದರೆ ಗೆರೆ ತಾನೇ ವಾಲುತ್ತದೆ. ಒಂದು ಎಂದರೆ ಎಡದಿಂದ ಬಲಕ್ಕೆ ಹದವಾಗಿ ಏರುತ್ತದೆ, ನಾಲ್ಕು ಎಂದರೆ ಕಡಿದಾಗಿ. ಸಂಖ್ಯೆಗೆ ಮೊದಲು ಮೈನಸ್ ಇಟ್ಟರೆ ಏರುವ ಬದಲು ಇಳಿಯುತ್ತದೆ.

ಮುಂದಿನ ಬೆಂಚಿನಲ್ಲಿ ಮಾದೇವಿ ಎಂಬ ಹುಡುಗಿ ಇದ್ದಳು, ಮುಡುಕುತೊರೆ ಕಡೆಯಿಂದ ಬರುತ್ತಿದ್ದವಳು. ಕೀಲಿ ಒತ್ತುವ ಕೆಲಸ ಅವಳಿಗೆ ಕೊಟ್ಟೆ. ಹಿಂದಿನ ಬೆಂಚಿನವರು ಗಲಾಟೆ ಎಬ್ಬಿಸಿದರು.

"ಸಾ, ಕಾಣ್ತಿಲ್ಲ ಸಾ!"

"ಲೇ, ತಲೆ ಬಗ್ಗುಸ್ಲಾ!"

ಮಾದೇವಿ ಎದ್ದು ಪರದೆ ನೋಡಿ, ಹಿಂದಕ್ಕೆ ತಿರುಗದೆ, ಮೊಣಕೈ ಮಡಚಿ ಮುಂಗೈಯನ್ನು ಮೇಲೆತ್ತಿ ಓರೆಯಾಗಿ ಹಿಡಿದಳು. "ಇಂಗದೆ ಕಣ್ರೋ! ಬೆಟ್ಟ ಅತ್ತುತಾ ಅದೆ!"

ಹಿಂದಿನವರು ಹಾಗೇ ಕೈ ಹಿಡಿದು ನೋಡಿದರು. ನಾನು ಬೋರ್ಡಿನ ಮೇಲೆ ಮುಂದಿನ ಸಂಖ್ಯೆ ಬರೆದೆ. ಮಾದೇವಿ ಕೀಲಿ ಒತ್ತುವ ಮೊದಲೇ ಹಿಂದಿನಿಂದ ಕೈಗಳು ಎದ್ದವು, ಒಂದೊಂದು ಒಂದೊಂದು ಓರೆಗೆ. "ಇಷ್ಟು ಕಡಿದು ಇರಲ್ಲ ಕಣ್ಲಾ!" "ಇರ್ತದೆ, ಬೇಕಾದ್ರೆ ನೋಡ್ತಿರು!" ಮಾದೇವಿ ಒತ್ತಿದಳು. ಗೆರೆ ಬಂತು. ಅರ್ಧ ತರಗತಿ ಕುಣಿಯಿತು, ಉಳಿದರ್ಧ ಕೈಯನ್ನು ಮೆಲ್ಲನೆ ಸರಿಮಾಡಿಕೊಂಡಿತು.

ಆ ಕ್ಷಣದಲ್ಲೇ ನನಗೆ ಎಲ್ಲವೂ ಹೊಳೆಯಿತು ಎಂದು ಬರೆಯಬಹುದಿತ್ತು. ನಾನು ಡಸ್ಟರಿನಿಂದ ಮೇಜು ಕುಟ್ಟಿ, "ಗಲಾಟೆ ಮಾಡಿದ್ರೆ ಫ್ರಾಕ್ ಹಾಕಿ ಬೀಗ ಜಡೀತೀನಿ" ಎಂದು ಹೆದರಿಸಿದೆ ಎಂದು ಮಾದೇವಿ ಈಗಲೂ ಸಿಕ್ಕಾಗ ಹೇಳುತ್ತಾಳೆ. ಇದ್ದರೂ ಇರಬಹುದು. ಹೊಳೆದದ್ದು ಬಹುಶಃ ಸಂಗಮದ ಕಡೆಯ ರಸ್ತೆಯಲ್ಲಿ ಸೈಕಲ್ ತುಳಿಯುವಾಗ. ಮನೆಗೆ ಹೋಗಿ ಬರೆದೆ: 'ಸಂಖ್ಯೆಯನ್ನು ನೋಡಿ, ಗೆರೆ ಮೂಡುವ ಮೊದಲೇ, ಅದು ಹೇಗೆ ವಾಲುವುದೆಂದು ಮಕ್ಕಳು ಮುಂಗೈಯಲ್ಲಿ ತೋರಿಸುವರು. ತಪ್ಪಾದರೆ ತಾವೇ ತಿದ್ದಿಕೊಳ್ಳುವರು.' ಎಲ್ಲ ಕ್ರಿಯೆಯೂ ಕಿಟಕಿಯಿಂದ ಕಾಣುವಂಥದ್ದು. ಜೀವನದಲ್ಲಿ ಮೊದಲ ಸಲ ಉದ್ದೇಶವೊಂದನ್ನು ಬರೆದು ನಾನೇ 'ಭಲೆ' ಅಂದುಕೊಂಡೆ.

ಸಮಿತಿ ಬಂತು. ಇಬ್ಬರು ಹೆಡ್‌ಮಾಸ್ಟರ ಕೋಣೆಯಲ್ಲಿ ಕಾಫಿ, ಬಾಳೆಹಣ್ಣಿನ ಮುಂದೆ ಕೂತರು. ಮೂರನೆಯವರು ಸ್ಟೂಲು ಹಿಡಿದು ನೇರ ಬೋರ್ಡಿನ ಪಕ್ಕದ ಕಿಟಕಿಗೆ ಹೋಗಿ, ಕಿವಿಗೆ ಹತ್ತಿ ಇಟ್ಟರು. ಪಾಠ ಶುರುವಾಯಿತು. ನಾನು ಬೋರ್ಡಿನ ಮೇಲೆ ಸಂಖ್ಯೆ ಬರೆಯುವುದು, ಕೈಗಳ ಕಾಡು ಏಳುವುದು, ಮಾದೇವಿ ಒತ್ತುವುದು, ಪರದೆ ನೋಡಿ ಕೆಲವು ಕೈ ತಿದ್ದಿಕೊಳ್ಳುವುದು. ಬರೆಯುವುದಷ್ಟೇ ನನ್ನ ಕೆಲಸ. ಬಾಯಿಗೆ ಹೆಚ್ಚು ಕೆಲಸ ಇರಲಿಲ್ಲ. ಓರೆಗಣ್ಣಿನಲ್ಲಿ ಕಿಟಕಿಯನ್ನು ನೋಡಿದೆ. ಅವರು ಸ್ಟೂಲಿನಿಂದ ಎದ್ದು ನಿಂತಿದ್ದರು. ಸರಳುಗಳ ಆಚೆ ಅವರ ಮುಂಗೈಯೂ ಮೇಲೆದ್ದಿತ್ತು, ಮಕ್ಕಳನ್ನು ನೋಡಿ ನೋಡಿ ಅವರ ಹಾಗೇ ವಾಲಿಸುತ್ತಿದ್ದರು.

ಬೆಲ್ ಇನ್ನೂ ಆಗಿರಲಿಲ್ಲ. ಎರಡೂ ಕಿವಿಯ ಹತ್ತಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಬಂದರು. ಪಾಠದ ನಡುವೆ ಅವರು ಹತ್ತಿ ತೆಗೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಅಂಕಿ ನೋಡಿ ಗೆರೆ ಎತ್ತ ವಾಲುತ್ತೆ ಅಂತ ಮುಂಚೆನೇ ತೋರಿಸ್ತಾರೆ. ತಪ್ಪಾದೋರು ತಾವೇ ತಿದ್ಕೊತಾರೆ. ಇದೇನಾ ಉದ್ದೇಶ?"

ಟಿಪ್ಪಣಿ ಮುಂದೆ ಹಿಡಿದೆ. ಓದಿ, ನನ್ನ ಹೆಗಲು ತಟ್ಟಿದರು. ಆಮೇಲೆ ನನ್ನನ್ನು ಬಿಟ್ಟು ಮಕ್ಕಳ ಕಡೆ ತಿರುಗಿ ಎರಡನೆಯ ಪ್ರಶ್ನೆ ಕೇಳಿದರು, ನಾನು ಹೆದರಿದ್ದ ಪ್ರಶ್ನೆ.

"ಅಲ್ರಪ್ಪಾ, ಗೆರೆ ನಿಮ್ಮ ಕೈಯಲ್ಲೇ ಅದೆ. ಬೋರ್ಡ್ ಅದೆ. ಸರಿನೋ ತಪ್ಪೋ ಹೇಳೋಕೆ ಮೇಷ್ಟ್ರು ಅವ್ರೆ. ಈ ಪೆಟ್ಟಿಗೆ ಯಾಕ್ ಬೇಕು? ತಗೊಂಡು ಹೋಗ್ಲಾ?"

ಎತ್ತಿದ್ದ ಕೈಗಳು ಇಳಿದವು. ಬಾಗಿಲಲ್ಲಿ ಹೆಡ್‌ಮಾಸ್ಟರು ಬಂದು ನಿಂತಿದ್ದರು, ಕೈ ಉಡಿದಾರದ ಮೇಲೆ.

ಮಾದೇವಿ ಎದ್ದಳು. "ಬ್ಯಾಡ ಸಾ, ತಗೊಂಡ್ ಓಗ್ಬೇಡಿ."

"ಯಾಕವ್ವಾ?"

"ಮೇಷ್ಟ್ರು ಯೇಳೋದಾದ್ರೆ ನಾವು ಅವ್ರ ಮಕ ನೋಡ್ತೀವಿ ಸಾ. ಮಕ ಸಿಂಡರ್ಸುದ್ರೆ ಕೈ ಇಂಗ್ ತಿರುಗ್ಸ್ಬುಡ್ತೀವಿ, ನಕ್ರೆ ಅಲ್ಲೇ ನಿಲ್ಲುಸ್ತೀವಿ. ಲೆಕ್ಕ ಮಾಡೋದೇ ಬ್ಯಾಡ." ಅವಳು ಪರದೆಯ ಕಡೆ ಕೈ ತೋರಿಸಿದಳು. "ಇದ್ಕೆ ಮಕ ಇಲ್ಲ ಸಾ. ಬೈಯೋದೂ ಇಲ್ಲ."

ಹತ್ತಿ ಮೇಷ್ಟ್ರ ಕೈ ಛತ್ರಿಯ ಗುಂಡಿಯನ್ನು ಹುಡುಕಿತು; ಛತ್ರಿ ಹೊರಗಿತ್ತು. ಇಷ್ಟು ವರ್ಷ ಮಕ್ಕಳ ಮುಖ ನೋಡುವುದಕ್ಕೆಂದೇ ಕಿಟಕಿ ಆರಿಸಿಕೊಂಡವರು. ಮಕ್ಕಳು ಆ ಹೊತ್ತಿನಲ್ಲಿ ಯಾರ ಮುಖ ನೋಡುತ್ತಿರುತ್ತಾರೆ ಎಂದು ಅವರಿಗೂ ಹೊಳೆದಿರಲಿಲ್ಲ, ನನಗೂ.

"ನೀವೂ ಒಂದ್ಸಾರಿ ಮಾಡಿ ಸಾ," ಎಂದಳು ಮಾದೇವಿ, ಧೈರ್ಯ ಬಂದು. "ಎರಡು. ಎರಡಕ್ಕೆ ಎಂಗ್ ಬತ್ತದೆ?"

ಅವರು ಪರದೆಯ ಮುಂದೆ ನಿಂತು, ಕಿಟಕಿಯಿಂದ ನೋಡಿ ಕಲಿತ ಹಾಗೆ, ಬಹಳ ಆತ್ಮವಿಶ್ವಾಸದಿಂದ ಮುಂಗೈ ಎತ್ತಿದರು. ಮಾದೇವಿ ಒತ್ತಿದಳು. ಗೆರೆ ಸರಿಯಾಗಿ ಎದುರು ದಿಕ್ಕಿಗೆ ವಾಲಿಕೊಂಡು ಮೂಡಿತು.

ಯಾರೂ ನಗಲಿಲ್ಲ. ಸಮಿತಿಯ ದೊಡ್ಡವರು ತಪ್ಪು ಮಾಡಿದಾಗ ನಗಬಹುದೋ ಇಲ್ಲವೋ ಮಕ್ಕಳಿಗೆ ಗೊತ್ತಿರಲಿಲ್ಲ. ಹೆಡ್‌ಮಾಸ್ಟರು ಓಡಿ ಬಂದರು.

"ಸಾರ್, ಮಿಷನ್ನೇ ಕೆಟ್ಟದೆ ಸಾರ್! ಕುಂಕುಮ ಓಗ್ಬುಟ್ಟಿದೆ ಒಳೀಕೆ! ನಿಮ್ದೇ ಸರಿ!"

ಕೆಟ್ಟಿದೆ ಎಂದು ಹೆಡ್‌ಮಾಸ್ಟರೇ ಒಪ್ಪಿಕೊಂಡ ಮೇಲೆ ಉಳಿಸಿಕೊಳ್ಳುವುದು ಏನನ್ನು?

"ಸುಮ್ನಿರಿ ಸಾಮಿ," ಎಂದರು ಹತ್ತಿ ಮೇಷ್ಟ್ರು. ತಮ್ಮ ಕೈಯನ್ನು ನೋಡಿಕೊಂಡರು, ಗೆರೆಯನ್ನು ನೋಡಿದರು. "ನಾನು ಕಣ್ಣಾರೆ ನೋಡಿದೀನಲ್ಲವ್ವಾ. ಎಲ್ರೂ ಇಂಗೇ ತಾನೇ ಹಿಡಿದಿದ್ದು?"

"ಇಲ್ಲ ಸಾ," ಎಂದಳು ಮಾದೇವಿ. "ನೀವು ಕಿಟಕೀಲಿ ನಮ್ ಎದುರುಗಡೆ ಇದ್ರಿ. ನಮ್ಗೆ ಬಲಗಡೆ ಆಗಿದ್ದು ನಿಮ್ಗೆ ಎಡಗಡೆ. ನಾವು ಬೆಟ್ಟ ಅತ್ತುತ್ತಿದ್ರೆ ನಿಮ್ಗೆ ಇಳೀತಿದ್ದಂಗೆ ಕಾಣ್ತಿತ್ತು."

ಅವರು ಕಿಟಕಿಯ ಕಡೆ ತಿರುಗಿದರು. ಸರಳುಗಳ ಆಚೆ ಸ್ಟೂಲು. ಕಟ್ಟೆಯ ಮೇಲೆ ಹತ್ತಿಯ ಎರಡು ಉಂಡೆ. ಭುಜ ಅಲುಗಾಡಲು ಶುರುವಾದದ್ದು ಹಿಂದಿನಿಂದಲೇ ಕಾಣಿಸಿತು. ಆಮೇಲೆ ಕಳಲೆಯಲ್ಲಿ ಬಾಳೆಹಣ್ಣಿನ ದಿನ ಕೇಳಿದ ಅದೇ ನಗು, ಈಗ ಕಿಟಕಿಯ ಒಳಗೆ.

"ಅಯ್ಯೋ ಸಿವ್ನೇ! ಇಷ್ಟ್ ವರ್ಸವೂ ಎಲ್ಲಾನೂ ತಿರುಗುಮುರುಗಾ ನೋಡಿದ್ನಾ ನಾನು?"

ಆಗ ತರಗತಿ ನಕ್ಕಿತು, ಹೆಡ್‌ಮಾಸ್ಟರು ಸಹಿತ.

"ಒಳೀಕ್ ಬಂದು ಬೆಂಚಲ್ಲಿ ಕೂತ್ಕಳಿ ಸಾ, ಸರಿಯೋಯ್ತದೆ," ಎಂದಳು ಮಾದೇವಿ.

ಕೂತರು. ಮುಂದಿನ ಬೆಂಚಿನ ಮಕ್ಕಳು ಒತ್ತರಿಸಿಕೊಂಡು ಜಾಗ ಮಾಡಿಕೊಟ್ಟರು. ಮಂಡಿ ಡೆಸ್ಕಿಗೆ ತಾಗುತ್ತಿತ್ತು. ಓರೆಯಾಗಿ ಕೂತು, ಪರದೆಯ ಕಡೆ ಮುಖ ಮಾಡಿ, ಷರಟಿನ ತೋಳು ಮೇಲೇರಿಸಿದರು.

ಹೆಡ್‌ಮಾಸ್ಟರು ಬಗ್ಗಿ ಪಿಸುಮಾತಿನಲ್ಲಿ ಕೇಳಿದರು, "ಸಾರ್, ಮತ್ತೆ... ಕಂಪ್ಯೂಟರು... ಏನಂತ ಬರ್ಕೊಳ್ಳಾಣ?"

"ಮೊದ್ಲು ಓಗಿ ಉಳಿದವುಗಳ ಫ್ರಾಕ್ ಬಿಚ್ಚಿ ಸಾಮಿ," ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. "ಮುಂದಿನ ವಾರ ನಾನ್ ಬತ್ತೀನಿ, ಆಗ್ಲೂ ಬಿಚ್ಚೇ ಇರ್ಬೇಕು. ಕೀಲಿ ಕೈ ಇವ್ರಿಗೆ ಕೊಡಿ." ನನ್ನ ಕಡೆ ಬೆರಳು. ಹೆಡ್‌ಮಾಸ್ಟರು ಉಡಿದಾರ ಬಿಚ್ಚತೊಡಗಿದರು.

"ಇನ್ನೊಂದ್ ಹಾಕವ್ವಾ."

ಬೋರ್ಡಿನ ಮೇಲೆ ಮೈನಸ್ ಮೂರು ಎಂದು ಬರೆದೆ. ತರಗತಿಯ ಕೈಗಳೆಲ್ಲ ಎದ್ದವು. ಅವರ ಕೈ ಎಲ್ಲರಿಗಿಂತ ಕೊಂಚ ತಡವಾಗಿ ಎದ್ದು, ಒಂದು ಕಡೆ ಹೊರಟು, ನಿಂತು, ಇನ್ನೊಂದು ಕಡೆಗೆ ವಾಲಿತು. ಮಾದೇವಿ ಒತ್ತಿದಳು. ಸರಿಯಾಗಿತ್ತು.

ಪಕ್ಕದ ಹುಡುಗನ ಕೈ ನೋಡಿ ತಿದ್ದಿಕೊಂಡರು ಎಂದು ಮಾದೇವಿ ಹೇಳುತ್ತಾಳೆ. ಇಲ್ಲ, ತಾವೇ ಯೋಚಿಸಿ ತಿದ್ದಿಕೊಂಡರು ಎಂದು ನಾನು. ನಿವೃತ್ತಿಯ ದಿನ ಮಾದೇವಿಯೂ ಬಂದಿದ್ದಳು, ಊಟದ ಪಂಕ್ತಿಯಲ್ಲಿ ಇಬ್ಬರೂ ಅವರನ್ನೇ ಕೇಳೋಣವೆಂದು ಹೋದೆವು. ಅವರು ಒಬ್ಬಟ್ಟು ಮುಗಿಸಿ, ತುಪ್ಪವನ್ನು ಬೇರೆಯಾಗಿ ನೆಕ್ಕುತ್ತ, ನಮ್ಮ ಬಾಯಿ ಆಡುವುದನ್ನು ನೋಡಿ ನಗುತ್ತಿದ್ದರು. ಕಿವಿಯ ಹತ್ತಿ ಇನ್ನೂ ಅಲ್ಲೇ ಇತ್ತು.